ಎನ್‌ಪಿಟಿಇಎಲ್
ಎಂಜಿನಿಯರಿಂಗ್ ಮತ್ತು ವಿಜ್ಞಾನದ ಪಾಠಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸುವ ರಾಷ್ಟ್ರೀಯ ಯೋಜನೆ. ಕೇಂದ್ರ ಸರ್ಕಾರದ ನೆರವಿನಿಂದ 2003ರಲ್ಲಿ ಏಳು ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ಆರಂಭಿಸಿದವು. 2014ರಿಂದ ಪ್ರಮಾಣಪತ್ರದ ಕೋರ್ಸ್‌ಗಳಿವೆ. ಈಗ ಇವು ‘ಸ್ವಯಂ’ ಎಂಬ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಸಿಗುತ್ತವೆ. ಕಲಿಕೆಗೆ ಹಣವಿಲ್ಲ. ಪ್ರಮಾಣಪತ್ರ ಬೇಕಾದವರು ಮಾತ್ರ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು.

ಇಲ್ಲಿ ಪ್ರೋಗ್ರಾಮಿಂಗ್ ಕಲಿಯುವವರಿಗೆ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟಿನ ಮಾಧವನ್ ಮುಕುಂದ್ ಅವರ ಪೈಥಾನ್ ಪಾಠಗಳು ಒಳ್ಳೆಯ ಆರಂಭ. ಭಾಷೆಯ ವ್ಯಾಕರಣದ ಜೊತೆಗೇ ದತ್ತಾಂಶ ರಚನೆ, ಕ್ರಮವಿಧಿಗಳನ್ನೂ ಕಲಿಸುವುದು ಅವುಗಳ ಹೆಚ್ಚುಗಾರಿಕೆ. ಕ್ಲೌಡ್ ಕಂಪ್ಯೂಟಿಂಗ್‌ಗೆ ಖರಗ್‌ಪುರ ಐಐಟಿಯ ಸೌಮ್ಯಕಾಂತಿ ಘೋಷ್ ಅವರ ಕೋರ್ಸ್ ಇದೆ. ಬೆಂಗಳೂರಿನ ಗೊಟ್ಟಿಗೆರೆಯ ವಿದ್ಯಾರ್ಥಿ ಬನ್ನೇರುಘಟ್ಟ ರಸ್ತೆಯ ದಟ್ಟಣೆ ದಾಟದೆ, ಮನೆಯಲ್ಲೇ ಇವರ ತರಗತಿಯಲ್ಲಿ ಕೂರಬಹುದು; ಇದು ಸಣ್ಣ ಅನುಕೂಲವಲ್ಲ.

ಉಪನ್ಯಾಸಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಕೆಲವು ಕೋರ್ಸ್‌ಗಳ ಪಠ್ಯ ಕನ್ನಡಕ್ಕೆ ಬಂದಿದೆ. ಆದರೂ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ನಿಜವಾದ ತೊಡಕು. ಅಂಥವರು ಮುಂಬಯಿ ಐಐಟಿಯ ಸ್ಪೋಕನ್ ಟ್ಯುಟೋರಿಯಲ್‌ನಿಂದ ತೊಡಗುವುದು ಲೇಸು: ಸಿ, ಲಿನಕ್ಸ್ ಮೊದಲಾದ ವಿಷಯಗಳ ಕಿರು ವೀಡಿಯೊಗಳು ಅಲ್ಲಿ ಕನ್ನಡ ಧ್ವನಿಯಲ್ಲೇ ಇವೆ.