ಚೆಂಡು ಹಂಚಲು ಕಲಿಸಿದ ಮೇಷ್ಟ್ರು



ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ರಗ್ಬಿ ಆಟವನ್ನು ನೀವು ಕಿರುತೆರೆಯಲ್ಲಿ ನೋಡಿರಬಹುದು. ಎದುರಾಳಿ ಹಿಡಿಯುವಷ್ಟರಲ್ಲಿ ಚೆಂಡು ಜೊತೆಗಾರನ ಕೈ ಸೇರಿರುತ್ತದೆ. ಆದರೆ ಈ ಹಂಚಿಕೆ ಆಟದೊಂದಿಗೇ ಹುಟ್ಟಿದ್ದಲ್ಲ.

ಮೊದಲ ಅಂತರರಾಷ್ಟ್ರೀಯ ರಗ್ಬಿ ಪಂದ್ಯ ನಡೆದದ್ದು 1871ರಲ್ಲಿ, ಎಡಿನ್‌ಬರೋದಲ್ಲಿ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ. ಒಂದೊಂದು ತಂಡದಲ್ಲಿ 20 ಜನ. ಹೆಚ್ಚಿನವರ ಕೆಲಸ ಒತ್ತಾಗಿ ನಿಂತು ತಳ್ಳುವುದು. ಚೆಂಡು ಸಿಕ್ಕವನು ಬೀಳುವ ತನಕ ಓಡಬೇಕು. ಇನ್ನೊಬ್ಬನಿಗೆ ಕೊಟ್ಟರೆ ಅಂಜುಬುರುಕನೆನಿಸಿಕೊಳ್ಳುತ್ತಿದ್ದ. 1877ರಲ್ಲಿ ಅಂತರರಾಷ್ಟ್ರೀಯ ತಂಡದ ಸಂಖ್ಯೆ 15ಕ್ಕೆ ಇಳಿಯಿತು. ಮೈದಾನದಲ್ಲಿ ಜಾಗವೇನೋ ತೆರೆಯಿತು, ಹಳೆಯ ಅಭ್ಯಾಸ ಹೋಗಲಿಲ್ಲ.

1881ರ ಫೆಬ್ರವರಿಯಲ್ಲಿ ವೇಲ್ಸ್ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು ಲಂಡನ್ನಿನ ಬ್ಲ್ಯಾಕ್‌ಹೀತ್‌ನಲ್ಲಿ ಆಡಿತು. ಇಂಗ್ಲೆಂಡ್ ಪರವಾಗಿ ಅಂದೇ ಮೊದಲ ಸಲ ಇಳಿದ 20 ವರ್ಷದ ಹೆನ್ರಿ ವಾಸಲ್ ಮೂರು ಬಾರಿ ಚೆಂಡನ್ನು ಗೆರೆ ದಾಟಿಸಿ ಮೂರು 'ಟ್ರೈ' ಗಳಿಸಿದ. ಆಗಿನ್ನೂ ಸಿನಿಮಾ ಕ್ಯಾಮೆರಾ ಇರಲಿಲ್ಲ. ಆ ಓಟವನ್ನು ನಿಮಗೆ ತೆರೆಯ ಮೇಲೆ ತೋರಿಸಲಾರೆ, ಊಹಿಸಿಕೊಳ್ಳಿ.

ಒಬ್ಬನೇ ಗೆಲ್ಲಬಲ್ಲವನಿಗೆ ಹಂಚಿಕೊಳ್ಳುವ ಗರಜೇನು? ಆದರೂ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ತಂಡದ ನಾಯಕನಾದಾಗ ವಾಸಲ್ ತನ್ನವರಿಗೆ ಕಲಿಸಿದ್ದು ಉದ್ದನೆಯ ಪಾಸ್ ಆಟವನ್ನು. ಅಲನ್ ರಾದರ್‌ಹ್ಯಾಮ್ ಎಂಬ ಆಟಗಾರ ಮುಂದಿನ ಮತ್ತು ಹಿಂದಿನ ಸಾಲುಗಳ ನಡುವೆ ಕೊಂಡಿಯಾದ. ಇದರಲ್ಲಿ ಸರಳ ವಿಜ್ಞಾನವಿದೆ. ಎಸೆದ ಚೆಂಡು ಓಡುವ ಮನುಷ್ಯನಿಗಿಂತ ವೇಗವಾಗಿ ಹೋಗುತ್ತದೆ. ಆದರೆ ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಹಾಗಾಗಿ ಪಡೆಯುವವನು ಹಿಂದಿನಿಂದ ಓಡಿಬರುತ್ತಲೇ ಇರಬೇಕು, ಕೊಡುವವನು ಅವನನ್ನು ನಂಬಬೇಕು. ಚೆಂಡು ಹಿಂದೆ ಹೋಗುತ್ತದೆ, ತಂಡ ಮುಂದೆ ಸಾಗುತ್ತದೆ!

ಆಗ ಈ ಆಟಕ್ಕೆ ಸಂಬಳವಿರಲಿಲ್ಲ. ವಾಸಲ್ ಡರ್ಬಿಷೈರ್‌ನ ರೆಪ್ಟನ್ ಶಾಲೆಯಲ್ಲಿ ಮೇಷ್ಟ್ರಾದರು, ಶಾಲೆಯ ಹಣಕಾಸನ್ನೂ ನೋಡಿಕೊಂಡರು. 1889ರಲ್ಲಿ ರಗ್ಬಿ ಆಟದ ಬಗ್ಗೆ ಪುಸ್ತಕ ಬರೆದು ತಮಗೆ ತಿಳಿದದ್ದನ್ನು ಎಲ್ಲರ ಮುಂದಿಟ್ಟರು.

ಅವರು ದೇಶಕ್ಕಾಗಿ ಆಡಿದ ಪಂದ್ಯಗಳು ಬೆರಳೆಣಿಕೆಯವು. ಪಾಸ್ ಆಟ ಮಾತ್ರ ಇಂದಿಗೂ ರಗ್ಬಿಯ ಜೀವಾಳ. ಮುಂದಿನ ಸಲ ರಗ್ಬಿ ನೋಡುವಾಗ ಗೆರೆ ದಾಟಿದವನನ್ನಷ್ಟೇ ನೋಡಬೇಡಿ. ಅವನಿಗೆ ಚೆಂಡು ಕೊಟ್ಟು ಕೆಳಗೆ ಬಿದ್ದವನನ್ನೂ ಹುಡುಕಿ.