ಆನೆ ಸರಿಯಿದ್ದರೆ ಮಕರವೂ ನಿಜ: ಕನ್ನಡದ ಚಿತ್ರಕಥೆ ನಡೆದು ಬಂದ ದಾರಿ

ಮಾಯಾಲೋಕದ ವೆಬ್‌ಕಾಮಿಕ್ ಒಂದಕ್ಕೆ ಮನಸೋತವರು ಮೊದಲು ಹೊಗಳುವುದು ಅದರ ವಿಚಿತ್ರ ಪ್ರಾಣಿಗಳನ್ನೋ ಮಂತ್ರವಾದಿಗಳನ್ನೋ. ಓದುಗರನ್ನು ವರ್ಷಗಟ್ಟಲೆ ಹಿಡಿದಿಟ್ಟ ಕೃತಿಗಳನ್ನು ಬಿಡಿಸಿ ನೋಡಿದರೆ ಆ ಒಲವಿನ ಬೇರು ಇನ್ನೆಲ್ಲೋ ಇರುತ್ತದೆ. ಫಿನ್‌ಲೆಂಡ್-ಸ್ವೀಡನ್ ನಂಟಿನ ಮಿನ್ನಾ ಸುಂಡ್‌ಬರ್ಗ್ 2011ರಿಂದ 2013ರವರೆಗೆ ಜಾಲದಲ್ಲಿ ಪುಟಪುಟವಾಗಿ ಪ್ರಕಟಿಸಿದ ‘ಎ ರೆಡ್‌ಟೇಲ್ಸ್ ಡ್ರೀಮ್’ ಫಿನ್ನಿಶ್ ಪುರಾಣದಿಂದ ಹುಟ್ಟಿದ್ದು. ಆಮೇಲಿನ ‘ಸ್ಟ್ಯಾಂಡ್ ಸ್ಟಿಲ್, ಸ್ಟೇ ಸೈಲೆಂಟ್’ ಉತ್ತರ ಯುರೋಪಿನ ನಿರ್ಜನ ನಾಡಿನಲ್ಲಿ ನಡೆಯುತ್ತದೆ. 2015ರಲ್ಲಿ ಅವರಿಗೆ ರೂಬೆನ್ ಪ್ರಶಸ್ತಿಯೂ ಬಂತು. ಅಲ್ಲಿನ ಭೂತಗಳನ್ನು ನಂಬುವಂತಾಗುವುದು ಅಲ್ಲಿನ ಹಿಮವನ್ನೂ ಮರಗಳನ್ನೂ ನಂಬಿದ ಮೇಲೆಯೇ. ಮಿಯಾಝಾಕಿಯವರ ‘ಪ್ರಿನ್ಸೆಸ್ ಮೊನೊನೊಕೆ’ (1997) ಸಿನಿಮಾ ಆದರೂ ಪಾಠ ಅದೇ: ಅದರ ಕಾಡಿಗೆ ಯಾಕುಶಿಮಾ ದ್ವೀಪದ ಪಾಚಿಗಟ್ಟಿದ ನಿಜವಾದ ಕಾಡು ಆಧಾರ. ಕನ್ನಡದ ಚಿತ್ರಕಥೆಗೆ ಮುಕ್ಕಾಲು ಶತಮಾನದಿಂದ ಮಾಯೆಯ ಕೊರತೆ ಇರಲಿಲ್ಲ. ಅದು ನಿಂತ ನೆಲ ಮಾತ್ರ ಬಹುಪಾಲು ಎರವಲಿನದು. ಸಕಲೇಶಪುರ ಮತ್ತು ಆಲೂರಿನ ಬೆಟ್ಟಸಾಲಿನಿಂದ ನೋಡಿದಾಗ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ.

ಏಕೆಂದರೆ ಚಿತ್ರದಲ್ಲಿ ಕತೆ ಹೇಳುವ ವಿದ್ಯೆಯ ಅತ್ಯುತ್ತಮ ಮಾದರಿಗಳಲ್ಲಿ ಒಂದು ಈ ಬೆಟ್ಟಗಳಿಂದ ಗಂಟೆ, ಒಂದೂವರೆ ಗಂಟೆಯ ದಾರಿಯಲ್ಲಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಹೊರಗೋಡೆಯ ಪಟ್ಟಿಕೆಗಳಲ್ಲಿ ರಾಮಾಯಣ, ಮಹಾಭಾರತ, ಭಾಗವತದ ಸನ್ನಿವೇಶಗಳು ಒಂದರ ಪಕ್ಕ ಒಂದು ಸಾಗುತ್ತವೆ. ನೋಡುವವರು ಪ್ರದಕ್ಷಿಣೆ ಹಾಕುತ್ತಾ ಓದಬೇಕು. ಎಲ್ಲಕ್ಕಿಂತ ಕೆಳಗಿನ ಪಟ್ಟಿಕೆ ಆನೆಗಳದು. ಹೆಜ್ಜೆ, ಸೊಂಡಿಲಿನ ಬಾಗು, ಮೈಭಾರ, ಯಾವುದರಲ್ಲೂ ರೂವಾರಿಯ ಕಣ್ಣು ತಪ್ಪಿಲ್ಲ. ಮೇಲಕ್ಕೆ ಹೋದಂತೆ ಮೊಸಳೆಯ ಬಾಯಿ, ಆನೆಯ ಸೊಂಡಿಲು, ನವಿಲಿನ ಬಾಲ ಕೂಡಿದ ಮಕರ ಬರುತ್ತದೆ. ಕಂಡ ಆನೆಯನ್ನು ತಪ್ಪಿಲ್ಲದೆ ಕಡೆದವನ ಮೇಲೆ ನಂಬಿಕೆ ಹುಟ್ಟಿರುವುದರಿಂದಲೇ ಯಾರೂ ಕಾಣದ ಮಕರವನ್ನೂ ನಾವು ತಕರಾರಿಲ್ಲದೆ ಒಪ್ಪುತ್ತೇವೆ. ಇನ್ನೊಂದು ಮಾತು: ಹೊಯ್ಸಳ ರೂವಾರಿಗಳು ಮೂರ್ತಿಗಳ ಕೆಳಗೆ ಹೆಸರು ಕೆತ್ತಿದರು. ದಾಸೋಜ, ಚಾವಣ, ಮಲ್ಲಿತಮ್ಮ ಇವತ್ತಿಗೂ ನಮಗೆ ಗೊತ್ತು. ಇಪ್ಪತ್ತನೆಯ ಶತಮಾನದ ಎಷ್ಟೋ ಕನ್ನಡ ಪತ್ರಿಕೆಗಳ ಚಿತ್ರಗಾರರಿಗೆ ಆ ಭಾಗ್ಯ ಸಿಗಲಿಲ್ಲ.

ಅಚ್ಚಿನ ಯುಗದಲ್ಲಿ ಕನ್ನಡದ ಮಕ್ಕಳು ಮೊದಲು ಮನಸೋತದ್ದು ‘ಚಂದಮಾಮ’ಕ್ಕೆ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರ ಜುಲೈಯಲ್ಲಿ ಮದ್ರಾಸಿನಿಂದ ತೆಲುಗು, ತಮಿಳಿನಲ್ಲಿ ಆರಂಭಿಸಿದ ಪತ್ರಿಕೆ ಆ ದಶಕ ಮುಗಿಯುವ ಮೊದಲೇ ಕನ್ನಡಕ್ಕೂ ಬಂತು. ದಾಸರಿ ಸುಬ್ರಹ್ಮಣ್ಯಂ ಬರೆದ ಮಾಂತ್ರಿಕ ಧಾರಾವಾಹಿಗಳಿಗೆ ‘ಚಿತ್ರಾ’ ಹೆಸರಿನ ಕಲಾವಿದ ಕೊಟ್ಟ ರೂಪ, ಆರು ದಶಕ ದುಡಿದ ಶಂಕರ್ (ಕೆ.ಸಿ. ಶಿವಶಂಕರನ್) ಬಿಡಿಸಿದ ವಿಕ್ರಮ-ಬೇತಾಳ, ಕನ್ನಡಿಗರೇ ಆದ ಎಂ.ಟಿ.ವಿ. ಆಚಾರ್ಯರ ಮಹಾಭಾರತದ ಮುಖಪುಟಗಳು ಒಂದು ತಲೆಮಾರಿನ ಕಣ್ಣನ್ನೇ ತಿದ್ದಿದವು. ಬೇತಾಳನನ್ನು ಹೆಗಲಿಗೇರಿಸಿ ಕತ್ತಿ ಹಿಡಿದು ನಡೆಯುವ ರಾಜನ ಚಿತ್ರ ಕತೆಗಿಂತ ಹೆಚ್ಚು ಕಾಲ ನೆನಪಿನಲ್ಲಿ ಉಳಿದಿದೆ. ಆದರೆ ಒಂದೇ ಚಿತ್ರ ಹಲವು ಭಾಷೆಗಳ ಆವೃತ್ತಿಗೆ ಹೊಂದಬೇಕಿತ್ತು. ಹಾಗಾಗಿ ಆ ಊರುಗಳು ಎಲ್ಲರ ಊರೂ ಹೌದು, ಯಾರ ಊರೂ ಅಲ್ಲ: ಒಂದು ಕೋಟೆ, ಒಂದು ಮಠ, ಎರಡು ತಾಳೆಮರ. ಅಷ್ಟನ್ನೂ ಎಷ್ಟು ಚೆನ್ನಾಗಿ ಬಿಡಿಸಿದ್ದರೆಂದರೆ ದೂರುವ ಮನಸ್ಸಾಗುವುದಿಲ್ಲ.

ಅಮರ ಚಿತ್ರಕಥೆಯ ಮೊದಲ ಹೆಜ್ಜೆ ಬಿದ್ದದ್ದು ಕನ್ನಡದಲ್ಲಿ ಎಂಬುದು ಇವತ್ತಿಗೂ ಹಲವರಿಗೆ ಹೊಸ ಸುದ್ದಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಐಬಿಎಚ್ ಪ್ರಕಾಶನದ ಮೂಲಕ ಕನ್ನಡ ಪುಸ್ತಿಕೆಗಳನ್ನು ಹೊರತರಿಸಿದರು. ಇಂಗ್ಲಿಷ್ ಸರಣಿ ಹನ್ನೊಂದನೆಯ ಸಂಖ್ಯೆಯ ‘ಕೃಷ್ಣ’ದಿಂದ ಶುರುವಾಗುವುದು ಅದಕ್ಕೇ. ಮೊದಲ ಹತ್ತರಲ್ಲಿ ಇದ್ದದ್ದು ಮಾತ್ರ ಸಿಂಡ್ರೆಲಾದಂಥ ಪಾಶ್ಚಾತ್ಯ ಕಿನ್ನರಕತೆಗಳು. ಮಾತು ಕನ್ನಡ, ಅರಮನೆ ಯುರೋಪಿನದು. ಅದಕ್ಕೆ ಒಂದು ವರ್ಷ ಮೊದಲು ಬಂದ ಇಂದ್ರಜಾಲ ಕಾಮಿಕ್ಸ್ ಕನ್ನಡಕ್ಕೂ ಫ್ಯಾಂಟಮ್‌ನನ್ನು ತಂದಿತು. ಲೀ ಫಾಕ್ ಅವನಿಗಾಗಿ ಕಲ್ಪಿಸಿದ ಕಾಡಿನ ದೇಶ ಬಂಗಾಲಾದ ಹೆಸರು ನಮ್ಮ ಬಂಗಾಳವನ್ನು ನೆನಪಿಸುತ್ತದೆಂದು ಪ್ರಕಾಶಕರು ಅದನ್ನು ಡೆಂಕಾಲಿ ಎಂದು ಬದಲಿಸಿದರು. ಹಾಗೆ ಬದಲಿಸಿದ್ದರಿಂದ ಕತೆಗೆ ಎಲ್ಲೂ ಧಕ್ಕೆಯಾಗಲಿಲ್ಲ. ದೇಶದ ಹೆಸರನ್ನೇ ಕಿತ್ತು ಬೇರೆಯದನ್ನು ಅಂಟಿಸಿದರೂ ಏನೂ ಅಲುಗಾಡದಷ್ಟು ಹಗುರ ಆ ಕಾಡು. ಬಾಲಮಂಗಳ ಪತ್ರಿಕೆಯ ಡಿಂಗ 1983ರಲ್ಲಿ ಮಲಯಾಳದಲ್ಲಿ ಹುಟ್ಟಿ ಕನ್ನಡಕ್ಕೆ ಬಂದ ಇಲಿ. ಕನ್ನಡದ ಮಕ್ಕಳು ಅವನನ್ನು ತಮ್ಮವನೆಂದೇ ತಿಳಿದರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ. ಡಿಂಗನನ್ನೂ ಫ್ಯಾಂಟಮ್‌ನನ್ನೂ ಮಕ್ಕಳು ಅಷ್ಟು ಪ್ರೀತಿಸಿದ ಮೇಲೆ ನೆಲದ ಮಾತೇಕೆ? ಪ್ರೀತಿಸಿದ್ದು ನಿಜ, ಆದರೆ ಪ್ರೀತಿಸಿದ್ದು ಪಾತ್ರವನ್ನು, ಸಾಹಸವನ್ನು. ಡಿಂಗನ ಕಾಡಿನಲ್ಲಿ ಯಾವ ಮರವಿತ್ತೆಂದು ಕೇಳಿದರೆ ಅಭಿಮಾನಿಗಳೂ ತಡವರಿಸುತ್ತಾರೆ. ಚಿತ್ರಕ್ಕೇ ಮನಸೋಲುವುದು ಬೇರೆ ಬಗೆಯ ಒಲವು. ಮಾತನ್ನೆಲ್ಲ ಅಳಿಸಿದ ಮೇಲೂ ಪುಟದಲ್ಲಿ ಕಣ್ಣು ತಂಗಬೇಕು, ಆ ಜಾಗಕ್ಕೆ ಹೋಗಿ ಬರಬೇಕೆನಿಸಬೇಕು. ನೆಲದ ನಿಷ್ಠೆ ಕಲ್ಪನೆಗೆ ಕಟ್ಟುವ ಬೇಲಿಯಲ್ಲವೇ ಎನ್ನುವವರಿಗೆ ಹಳೇಬೀಡಿನ ಮಕರವೇ ಉತ್ತರ. ‘ಕಾಂತಾರ’ (2022) ಸಿನಿಮಾ ಕೂಡ ದೈವದ ಕತೆಯನ್ನು ಕರಾವಳಿಯ ಒಂದು ಕಾಡಂಚಿನ ಊರಿಗೆ ಬಿಗಿಯಾಗಿ ಕಟ್ಟಿಹಾಕಿಯೇ ದೇಶವೆಲ್ಲ ಓಡಿತು.

2016ರ ಬಳಿಕ ಡೇಟಾ ಅಗ್ಗವಾದಾಗ ಓದು ಫೋನಿಗೆ ಸರಿಯಿತು. ಬೆರಳಿನಿಂದ ಕೆಳಕ್ಕೆ ಜಾರಿಸುತ್ತಾ ಓದುವ ಕೊರಿಯಾದ ವೆಬ್‌ಟೂನ್ ಮಾದರಿ ಲೋಕಕ್ಕೆಲ್ಲ ಹಬ್ಬಿತು. ನ್ಯೂಜಿಲೆಂಡಿನ ರೇಚಲ್ ಸ್ಮೈಥ್ ಅವರ ‘ಲೋರ್ ಒಲಿಂಪಸ್’ 2022ರಲ್ಲಿ ಐಸ್ನರ್ ಪ್ರಶಸ್ತಿ ಪಡೆಯಿತು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಕನ್ನಡದ ಸಚಿತ್ರ ಕತೆಗಳು ಉಚಿತ, ಯಾರು ಬೇಕಾದರೂ ಅನುವಾದಿಸಬಹುದು. ಒಳ್ಳೆಯ ಕೆಲಸ, ಆದರೆ ಚಂದಮಾಮದ ಒತ್ತಡ ಇಲ್ಲಿಯೂ ಇದೆ, ಚಿತ್ರ ಹಲವು ಭಾಷೆಗಳಿಗೆ ಸಲ್ಲಬೇಕು. ಅನುವಾದದ ಇನ್ನೊಂದು ಗಾಯ ಕಣ್ಣಿಗೆ ನೇರವಾಗಿ ಕಾಣುವಂಥದ್ದು. ಇಂಗ್ಲಿಷಿಗೆ ಅಳೆದು ಬಿಡಿಸಿದ ಮಾತಿನ ಗುಳ್ಳೆಯಲ್ಲಿ ಕನ್ನಡದ ಒತ್ತಕ್ಷರಗಳಿಗೆ ಸಾಲುಗಳ ನಡುವೆ ಜಾಗ ಸಾಲದು, ಉದ್ದ ಪದಗಳು ತುಂಡಾಗುತ್ತವೆ, ಅಕ್ಷರ ಇರುವೆಯಾಗುತ್ತದೆ. ಕನ್ನಡದಲ್ಲೇ ಹುಟ್ಟಿದ ಪುಟ ಗುಳ್ಳೆಯಿಂದಲೇ ಬೇರೆಯಾಗಿರುತ್ತದೆ.

ಇಂಥ ಪುಟಕ್ಕೆ ಸಕಲೇಶಪುರ-ಆಲೂರು ಏನು ಕೊಡಬಲ್ಲದು? 1792ರಲ್ಲಿ ಟಿಪ್ಪು ಮುಗಿಸಿದ, ಮೇಲಿನಿಂದ ನೋಡಿದರೆ ಎಂಟು ಮೂಲೆಯ ನಕ್ಷತ್ರದಂತಿರುವ ಮಂಜರಾಬಾದ್ ಕೋಟೆ, ಬಿಸಿಲೆಯ ಕಾಡು, ಸುಬ್ರಹ್ಮಣ್ಯದ ಕಡೆಗೆ ಐವತ್ತಕ್ಕೂ ಹೆಚ್ಚು ಸುರಂಗಗಳಲ್ಲಿ ನುಗ್ಗಿ ಇಳಿಯುವ ರೈಲುಹಳಿ, ಚೌಡಿ, ಭೈರವ, ಕೊಳ್ಳಿದೆವ್ವ. ಇದಕ್ಕಿಂತ ಮುಖ್ಯವಾದದ್ದು ಆನೆ. ಇಲ್ಲಿನ ಕಾಡಾನೆಗಳಿಗೆ ಜನರೇ ಭೀಮ, ಕ್ಯಾಪ್ಟನ್, ಕರಡಿ ಎಂದು ಹೆಸರಿಟ್ಟಿದ್ದಾರೆ. ಹಿಂಡು ಇವತ್ತು ಯಾವ ತೋಟದಲ್ಲಿದೆ ಎಂಬ ಸುದ್ದಿ ಫೋನಿಗೆ ಬರುತ್ತದೆ; ಅದನ್ನು ನೋಡಿಕೊಂಡು ಕಾಫಿ ಕೊಯ್ಲಿನ ಆಳುಗಳು ದಾರಿ ಬದಲಿಸುತ್ತಾರೆ. ಹೆಸರುಳ್ಳ ಪಾತ್ರಗಳನ್ನು ದಿನದಿನವೂ ಫೋನಿನಲ್ಲಿ ಹಿಂಬಾಲಿಸುವ ಓದುಗರು ಇಲ್ಲಿ ಆಗಲೇ ಇದ್ದಾರೆ. ಎಂಟು ವರ್ಷ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆಯೊಡನೆ ಸೆಣಸಿ ಸತ್ತಾಗ ನಾಡು ಮರುಗಿದ್ದು ಒಬ್ಬ ಕಥಾನಾಯಕನಿಗೆ ಮರುಗಿದಂತೆ. ಆನೆಯಿಂದ ಮನೆಯವರನ್ನು ಕಳೆದುಕೊಂಡವರೂ ಇದೇ ಊರುಗಳಲ್ಲಿದ್ದಾರೆ. ಅವರನ್ನು ಬಿಟ್ಟು ಆನೆಯನ್ನಷ್ಟೇ ದೇವರಾಗಿಸುವ ಚಿತ್ರಕಥೆ ಮೊದಲ ಕಂತಿನಲ್ಲೇ ಸುಳ್ಳಾಗುತ್ತದೆ.

ಅಪಾಯ ಇರುವುದೂ ಅಲ್ಲಿಯೇ. ಮಂಜು, ಕಾಫಿ ಹೂವು, ಹೋಂಸ್ಟೇ ಬಾಲ್ಕನಿ ಬಿಡಿಸುವುದು ಸುಲಭ. ಅದು ನೆಲವಲ್ಲ, ಪೋಸ್ಟ್‌ಕಾರ್ಡು. ಲೈನ್ ಮನೆಗಳು, ಆನೆ ಕಂದಕ, ಸೋಲಾರ್ ಬೇಲಿ, ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ, ಜೂನ್ ಮಳೆಗೆ ಕೊಚ್ಚಿಹೋದ ರಸ್ತೆ ಪುಟದೊಳಗೆ ಬರಬೇಕು, ಚೌಡಿ ಬರಬೇಕಾದದ್ದು ಆಮೇಲೆ. ಇದಕ್ಕೆಲ್ಲ ಹಣ ಯಾರು ಕೊಡುತ್ತಾರೆ ಎಂಬುದು ಕೊನೆಯ ಆಕ್ಷೇಪ, ಅತ್ಯಂತ ಗಟ್ಟಿಯಾದದ್ದೂ ಹೌದು. ಸುಂಡ್‌ಬರ್ಗ್ ಓದುಗರ ಮುಂಗಡ ಹಣದಿಂದ ಪುಸ್ತಕ ತಂದರು ನಿಜ, ಆದರೆ ಬರೆದದ್ದು ಇಂಗ್ಲಿಷಿನಲ್ಲಿ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷಿಕರು ಸುಮಾರು 4.37 ಕೋಟಿ; ಅವರಲ್ಲಿ ಚಿತ್ರಕಥೆಗೆ ದುಡ್ಡು ಕೊಡುವವರು ಎಷ್ಟು ಮಂದಿಯೆಂದು ಯಾರೂ ಪರೀಕ್ಷಿಸುವ ಧೈರ್ಯ ಮಾಡಿಲ್ಲ. ಮೈಸೂರಿನ ಕಾವಾ ಕಲಾಶಾಲೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತ ಕೈಗಳಿಗೆ ಸಂಬಳ ಸಿಗುವುದು ಆನಿಮೇಶನ್, ಗೇಮಿಂಗ್ ಕಂಪನಿಗಳಲ್ಲಿ. ಅಲ್ಲಿ ಅವು ಬಿಡಿಸುವುದು ಹೆಚ್ಚಾಗಿ ಬೇರೆಯವರ ಕಾಡನ್ನು. ರಾಜ್ಯ 2012ರಲ್ಲೇ ಆನಿಮೇಶನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್‌ಗೆಂದು ನೀತಿ ತಂದಿತು, 2024ರಲ್ಲಿ ಅದನ್ನು ಪರಿಷ್ಕರಿಸಿತು. ಹೆಸರಿನ ಕೊನೆಯಲ್ಲಿರುವ ಕಾಮಿಕ್ಸ್‌ನ ಪಾಲಿಗೆ, ಒಬ್ಬ ಚಿತ್ರಗಾರ ಎರಡು ಮಳೆಗಾಲ ಹೆತ್ತೂರಿನಲ್ಲೋ ಆಲೂರಿನಲ್ಲೋ ಉಳಿದು ಪುಟ ಬಿಡಿಸುವಷ್ಟು ಹಣ ಬಂದರೂ ಸಾಕು, ಈ ವಾದ ನಿಲ್ಲುತ್ತದೋ ಬೀಳುತ್ತದೋ ತಿಳಿಯುತ್ತದೆ.