ದ್ರವೀಕೃತ ನೈಸರ್ಗಿಕ ಅನಿಲ (ಎಲ್.ಎನ್.ಜಿ.): ಜಾಗತಿಕ ಪೂರೈಕೆ, ಬೇಡಿಕೆ ಮತ್ತು ಮುನ್ನೋಟ

1. ಪರಿಚಯ

ಕೊಳವೆ ಮೂಲಕ ಮನೆಗಳಿಗೆ ಪೂರೈಸುವ ಪಿ.ಎನ್.ಜಿ. ಹಾಗೂ ವಾಹನಗಳಿಗೆ ತುಂಬಿಸುವ ಸಿ.ಎನ್.ಜಿ. ಎರಡೂ ನೈಸರ್ಗಿಕ ಅನಿಲವೇ ಆಗಿದ್ದು, ಇದರ ಮುಖ್ಯ ಘಟಕ ಮೀಥೇನ್. ಸಿಲಿಂಡರಿನಲ್ಲಿ ದೊರೆಯುವ ಎಲ್.ಪಿ.ಜಿ.ಯು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣವಾಗಿದ್ದು, ಇದರಿಂದ ಭಿನ್ನವಾಗಿದೆ. ನೈಸರ್ಗಿಕ ಅನಿಲವನ್ನು ಸುಮಾರು ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸಿದಾಗ ಅದು ದ್ರವರೂಪಕ್ಕೆ ಬಂದು, ಅದರ ಗಾತ್ರವು ಸುಮಾರು 600ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಇದನ್ನೇ ಎಲ್.ಎನ್.ಜಿ. ಎನ್ನಲಾಗುತ್ತದೆ. ಕೊಳವೆ ಮಾರ್ಗವಿಲ್ಲದ ದೇಶಗಳಿಗೆ ಇದನ್ನು ಹಡಗುಗಳಲ್ಲಿ ಸಾಗಿಸಿ, ಬಂದರಿನಲ್ಲಿ ಪುನಃ ಅನಿಲರೂಪಕ್ಕೆ ತರಲಾಗುತ್ತದೆ.

2. ಪೂರೈಕೆ

2024ರಲ್ಲಿ ಜಾಗತಿಕ ಎಲ್.ಎನ್.ಜಿ. ವ್ಯಾಪಾರವು ಸುಮಾರು 41 ಕೋಟಿ ಟನ್‌ಗಳಷ್ಟಿತ್ತು. ಇದರಲ್ಲಿ ಸುಮಾರು ಶೇ. 60ರಷ್ಟನ್ನು ಅಮೆರಿಕ, ಆಸ್ಟ್ರೇಲಿಯಾ ಮತ್ತು ಕತಾರ್ ಪೂರೈಸಿದವು. ದ್ರವೀಕರಣ ಘಟಕವೊಂದರ ನಿರ್ಮಾಣಕ್ಕೆ ಹಲವು ವರ್ಷಗಳು ಬೇಕಾಗುವುದರಿಂದ, ಬೇಡಿಕೆ ಹೆಚ್ಚಿದ ಕೂಡಲೇ ಪೂರೈಕೆಯನ್ನು ಹೆಚ್ಚಿಸಲು ಸಾಧ್ಯವಾಗುವುದಿಲ್ಲ.

3. ಬೇಡಿಕೆ

2024ರಲ್ಲಿ ಚೀನಾ, ಜಪಾನ್, ದಕ್ಷಿಣ ಕೊರಿಯಾ ಮತ್ತು ಭಾರತ ಪ್ರಮುಖ ಆಮದು ರಾಷ್ಟ್ರಗಳಾಗಿದ್ದವು. 2022ರಲ್ಲಿ ಉಕ್ರೇನ್ ಯುದ್ಧದ ಕಾರಣ ರಷ್ಯಾದ ಕೊಳವೆ ಅನಿಲ ಕಡಿತಗೊಂಡಾಗ, ಯೂರೋಪಿನ ರಾಷ್ಟ್ರಗಳು ಅಧಿಕ ಬೆಲೆ ತೆತ್ತು ಎಲ್.ಎನ್.ಜಿ. ಖರೀದಿಸಿದವು. ದಿನದ ಮಾರುಕಟ್ಟೆಯಲ್ಲಿ ಬೆಲೆಗಳು ದಾಖಲೆ ಮಟ್ಟಕ್ಕೇರಿದವು. ಆ ಬೆಲೆ ತೆರಲಾಗದ ಪಾಕಿಸ್ತಾನ ಮತ್ತು ಬಾಂಗ್ಲಾದೇಶಗಳಲ್ಲಿ ಇಂಧನದ ಕೊರತೆಯುಂಟಾಗಿ, ಜನಸಾಮಾನ್ಯರು ದೀರ್ಘಕಾಲದ ವಿದ್ಯುತ್ ಕಡಿತವನ್ನು ಅನುಭವಿಸಬೇಕಾಯಿತು.

4. ಭಾರತ ಮತ್ತು ಕರ್ನಾಟಕ

ಭಾರತವು ತಾನು ಬಳಸುವ ನೈಸರ್ಗಿಕ ಅನಿಲದಲ್ಲಿ ಸುಮಾರು ಅರ್ಧದಷ್ಟನ್ನು ಎಲ್.ಎನ್.ಜಿ. ರೂಪದಲ್ಲಿ ಆಮದು ಮಾಡಿಕೊಳ್ಳುತ್ತದೆ. ಗುಜರಾತಿನ ದಹೇಜ್ ಟರ್ಮಿನಲ್ 2004ರಲ್ಲಿ ಕಾರ್ಯಾರಂಭ ಮಾಡಿತು. ಕರ್ನಾಟಕಕ್ಕೆ 2013ರಲ್ಲಿ ದಾಭೋಲ್–ಬೆಂಗಳೂರು ಕೊಳವೆ ಮಾರ್ಗದ ಮೂಲಕ ಅನಿಲ ತಲುಪಿತು. ಸುಮಾರು 450 ಕಿ.ಮೀ. ಉದ್ದದ ಕೊಚ್ಚಿ–ಮಂಗಳೂರು ಮಾರ್ಗವನ್ನು 2021ರ ಜನವರಿಯಲ್ಲಿ ಲೋಕಾರ್ಪಣೆ ಮಾಡಲಾಯಿತು.

ಆಮದಿನ ಒಂದು ಭಾಗವು ದೀರ್ಘಾವಧಿ ಒಪ್ಪಂದಗಳ ಮೂಲಕ ಬರುತ್ತದೆ. ಕತಾರ್‌ನಿಂದ ವರ್ಷಕ್ಕೆ 75 ಲಕ್ಷ ಟನ್ ಪಡೆಯುವ ಒಪ್ಪಂದವನ್ನು 2028ರಿಂದ 20 ವರ್ಷಗಳ ಅವಧಿಗೆ ವಿಸ್ತರಿಸಲು 2024ರ ಫೆಬ್ರವರಿಯಲ್ಲಿ ಸಹಿ ಹಾಕಲಾಯಿತು. ಉಳಿದ ಭಾಗದಲ್ಲಿ ದಿನದ ಮಾರುಕಟ್ಟೆಯ ಖರೀದಿಯೂ ಸೇರಿರುತ್ತದೆ.

5. ಮುನ್ನೋಟ

ಕತಾರ್ ತನ್ನ ವಾರ್ಷಿಕ ಸಾಮರ್ಥ್ಯವನ್ನು 7.7 ಕೋಟಿ ಟನ್‌ಗಳಿಂದ 2030ರೊಳಗೆ 14.2 ಕೋಟಿ ಟನ್‌ಗಳಿಗೆ ಹೆಚ್ಚಿಸುವ ಯೋಜನೆಯನ್ನು 2024ರಲ್ಲಿ ಪ್ರಕಟಿಸಿತು. ಅಮೆರಿಕದಲ್ಲಿಯೂ ಹೊಸ ಘಟಕಗಳ ನಿರ್ಮಾಣವನ್ನು ಕೈಗೊಳ್ಳಲಾಗಿದೆ. ಇವು ಪೂರ್ಣಗೊಂಡಲ್ಲಿ ಪೂರೈಕೆ ಹೆಚ್ಚಿ ಬೆಲೆ ತಗ್ಗುವ ಸಂಭವವಿದೆ. ಆದರೆ ಕತಾರ್‌ನ ಹಡಗುಗಳು ಹೊರ್ಮುಜ್ ಜಲಸಂಧಿಯನ್ನು ದಾಟಿಯೇ ಬರಬೇಕಾಗಿರುವುದರಿಂದ, ಅಲ್ಲಿ ಅಡಚಣೆಯುಂಟಾದಲ್ಲಿ ಪೂರೈಕೆಗೆ ನೇರವಾಗಿ ಧಕ್ಕೆಯಾಗುತ್ತದೆ.

6. ಅರ್ಜಿದಾರರು ಗಮನಿಸಬೇಕಾದ ಅಂಶಗಳು

ಅ) ಗೃಹಬಳಕೆಯ ಪಿ.ಎನ್.ಜಿ.ಗೆ ದೇಶದೊಳಗೆ ಉತ್ಪಾದನೆಯಾಗುವ ಅನಿಲವನ್ನು ಆದ್ಯತೆಯ ಮೇರೆಗೆ ಹಂಚಿಕೆ ಮಾಡಲಾಗುತ್ತದೆ. ಆದ್ದರಿಂದ ಜಾಗತಿಕ ಬೆಲೆ ಏರಿಕೆಯ ಪರಿಣಾಮವು ಮನೆಗಳ ಮೇಲೆ ತುಲನಾತ್ಮಕವಾಗಿ ಕಡಿಮೆ.

ಆ) ಸಿ.ಎನ್.ಜಿ.ಗೆ ದೊರೆಯುತ್ತಿದ್ದ ಕಡಿಮೆ ದರದ ದೇಶೀಯ ಅನಿಲದ ಹಂಚಿಕೆಯನ್ನು 2024ರ ಕೊನೆಯ ತಿಂಗಳುಗಳಲ್ಲಿ ಕಡಿತಗೊಳಿಸಲಾಯಿತು. ಇಂತಹ ಕೊರತೆಯನ್ನು ಅಧಿಕ ದರದ ಅನಿಲದಿಂದ ತುಂಬಬೇಕಾಗುತ್ತದೆ.

ಇ) ಕೈಗಾರಿಕೆ ಮತ್ತು ವಾಣಿಜ್ಯ ಸಂಪರ್ಕಗಳು ಹೆಚ್ಚಾಗಿ ಆಮದು ಅನಿಲವನ್ನು ಅವಲಂಬಿಸಿರುತ್ತವೆ. ಇಂತಹ ಸಂಪರ್ಕ ಕೋರುವವರು ದರ ಪರಿಷ್ಕರಣೆಯ ಷರತ್ತುಗಳನ್ನು ಓದಿ, ಪರ್ಯಾಯ ಇಂಧನದ ವೆಚ್ಚದೊಂದಿಗೆ ಹೋಲಿಸಿದ ನಂತರವೇ ಒಪ್ಪಂದಕ್ಕೆ ಸಹಿ ಮಾಡುವುದು ಸೂಕ್ತ.